ಸಿಯೆರ್ರಾ ಲಿಯೋನಿನಲ್ಲಿ ರೋಗನಿವಾರಣೆ: ಒಂದು ಚಾರಿತ್ರಿಕ ಸಮೀಕ್ಷೆ

ಅರಸರ ಆಳ್ವಿಕೆ, ಯುದ್ಧ, ಒಪ್ಪಂದಗಳ ಮೂಲಕ ಒಂದು ದೇಶದ ಚರಿತ್ರೆಯನ್ನು ತಿಳಿಯುವುದು ರೂಢಿ. ಆದರೆ ಆ ದೇಶದ ಜನರು ಯಾವ ರೋಗಗಳಿಂದ ನರಳಿದರು, ಅವುಗಳನ್ನು ತಡೆಯಲು ಆಳುವವರು ಏನು ಮಾಡಿದರು, ಯಾರಿಗಾಗಿ ಮಾಡಿದರು ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೂ ಅಷ್ಟೇ ಬೆಲೆಯುಳ್ಳ ಚರಿತ್ರೆ ನಮಗೆ ದೊರೆಯುತ್ತದೆ. ಪಶ್ಚಿಮ ಆಫ್ರಿಕದ ಸಿಯೆರ್ರಾ ಲಿಯೋನ್ ಇದಕ್ಕೆ ಉತ್ತಮ ನಿದರ್ಶನ. ರೋಗನಿವಾರಣೆಯ ಎರಡು ಬೇರೆ ಬೇರೆ ನೀತಿಗಳು ಈ ಪುಟ್ಟ ದೇಶದಲ್ಲಿ ಪ್ರಯೋಗಕ್ಕೆ ಬಂದಿವೆ. ಕೆಲವರನ್ನು ಮಾತ್ರ ರೋಗದಿಂದ ದೂರವಿರಿಸುವುದು ಒಂದು ನೀತಿ. ರೋಗವನ್ನೇ ಎಲ್ಲರಿಂದಲೂ ದೂರವಿರಿಸುವುದು ಇನ್ನೊಂದು. ಈ ಎರಡರ ಫಲಾಫಲಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಅಟ್ಲಾಂಟಿಕ್ ಸಾಗರದ ತೀರದಲ್ಲಿ, ಗಿನಿ ಮತ್ತು ಲೈಬೀರಿಯ ದೇಶಗಳ ನಡುವೆ ಇರುವ ಸಿಯೆರ್ರಾ ಲಿಯೋನಿನ ವಿಸ್ತೀರ್ಣ ಸುಮಾರು ೭೨,೦೦೦ ಚದರ ಕಿಲೋಮೀಟರು. ಮೆಂಡೆ ಮತ್ತು ಟೆಮ್ನೆ ಜನಾಂಗಗಳು ಅಲ್ಲಿನ ಮುಖ್ಯ ಜನಾಂಗಗಳು. ಬ್ರಿಟನ್ನಿನಲ್ಲಿ ನಿರ್ಗತಿಕರಾಗಿದ್ದ ಕರಿಯರನ್ನು ೧೭೮೭ರಲ್ಲಿ ಇಲ್ಲಿಗೆ ತಂದು ನೆಲೆಗೊಳಿಸುವ ಪ್ರಯತ್ನ ನಡೆಯಿತು. ೧೭೯೨ರಲ್ಲಿ ನೋವಾಸ್ಕೋಷಿಯದಿಂದ ಬಂದ ಬಿಡುಗಡೆ ಹೊಂದಿದ ಗುಲಾಮರು ಫ್ರೀಟೌನ್ ನಗರವನ್ನು ಕಟ್ಟಿದರು. ೧೮೦೮ರಲ್ಲಿ ಅದು ಬ್ರಿಟಿಷ್ ಸಿಂಹಾಸನದ ವಸಾಹತಾಯಿತು. ೧೮೯೬ರಲ್ಲಿ ಒಳನಾಡೂ ಬ್ರಿಟಿಷರ ರಕ್ಷಣಾಧಿಕಾರಕ್ಕೆ ಒಳಪಟ್ಟಿತು. ೧೯೬೧ರ ಏಪ್ರಿಲ್ ೨೭ರಂದು ದೇಶ ಸ್ವತಂತ್ರವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ನರು ಈ ಕರಾವಳಿಯನ್ನು ‘ಬಿಳಿಯರ ಗೋರಿ’ ಎಂದು ಕರೆಯುತ್ತಿದ್ದರು. ಮಲೇರಿಯ ಮತ್ತು ಹಳದಿಜ್ವರಗಳು ಅವರ ಪಾಲಿಗೆ ಮೃತ್ಯುಸ್ವರೂಪವಾಗಿದ್ದವು. ಜೌಗುನೆಲದ ಕೆಟ್ಟ ಗಾಳಿಯಿಂದ ಮಲೇರಿಯ ಹುಟ್ಟುತ್ತದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಈ ನಂಬಿಕೆಯನ್ನು ಅಳಿಸಿಹಾಕಿದ ಸಂಶೋಧನೆ ನಮ್ಮ ದೇಶದಲ್ಲಿಯೇ ನಡೆಯಿತು. ಅಲ್ಮೋರದಲ್ಲಿ ಹುಟ್ಟಿದ ರೊನಾಲ್ಡ್ ರಾಸ್, ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆಗಳ ಕಾಟ ಕಡಮೆಯಾಗುವುದನ್ನು ಗಮನಿಸಿದ್ದನು. ೧೮೯೫ರಲ್ಲಿ ಕಾಲರಾ ತಡೆಗಟ್ಟುವ ಕೆಲಸಕ್ಕಾಗಿ ಅವನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಅವನು ಸೊಳ್ಳೆಯ ಜಠರದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡನು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯ ಸೊಳ್ಳೆಗಳಿಂದ ಹರಡುವ ಕ್ರಮವನ್ನು ಸ್ಥಾಪಿಸಿದನು.

ಈ ಜ್ಞಾನವನ್ನು ಆಚರಣೆಗೆ ತರುವ ಮೊದಲ ಕ್ಷೇತ್ರಗಳಲ್ಲಿ ಫ್ರೀಟೌನ್ ಒಂದು. ೧೮೯೯ರಲ್ಲಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯ ತಂಡದೊಡನೆ ಅಲ್ಲಿಗೆ ಹೋದ ರಾಸ್, ಮನುಷ್ಯರ ಮಲೇರಿಯವನ್ನು ಅನಾಫಿಲೀಸ್ ಜಾತಿಯ ಸೊಳ್ಳೆಗಳು ಒಯ್ಯುತ್ತವೆಂಬುದನ್ನೂ ಅವು ಬೀದಿಗಳ ಸಣ್ಣ ಸಣ್ಣ ಹೊಂಡಗಳಲ್ಲಿ ಮೊಟ್ಟೆಯಿಡುತ್ತವೆಂಬುದನ್ನೂ ತೋರಿಸಿದನು. ರೋಗದ ಮೂಲ ಗಾಳಿಯಲ್ಲಿಲ್ಲ, ನೀರಿನಲ್ಲಿದೆ ಎಂದಮೇಲೆ ಹೊಂಡಗಳನ್ನು ಮುಚ್ಚಿ ಚರಂಡಿಗಳನ್ನು ಸರಿಪಡಿಸಿದರೆ ಊರಿನವರೆಲ್ಲರಿಗೂ ರಕ್ಷಣೆ ದೊರೆಯಬೇಕು. ೧೯೦೧ರಲ್ಲಿ ಕೂಲಿಗಳ ತಂಡಗಳು ಒಡೆದ ಶೀಸೆ, ಹಳೆಯ ಡಬ್ಬಗಳನ್ನು ಸಾಗಿಸಿ, ಹೊಂಡಗಳನ್ನು ತುಂಬುವ ಕೆಲಸವನ್ನು ಆರಂಭಿಸಿದವು. ಆದರೆ ಇದು ಸದಾಕಾಲ ನಡೆಯಬೇಕಾದ ಕೆಲಸ. ಅದಕ್ಕೆ ಬೇಕಾದ ಹಣವನ್ನು ವರ್ಷವರ್ಷವೂ ಒದಗಿಸಬೇಕು.

ಇದೇ ಸಮಯದಲ್ಲಿ ಇನ್ನೊಂದು ಮಾರ್ಗ ಸರ್ಕಾರದ ಮುಂದೆ ಬಂದಿತು. ೧೯೦೦ರಲ್ಲಿ ಮಲೇರಿಯ ಸಮಿತಿಯ ಪರವಾಗಿ ಫ್ರೀಟೌನಿಗೆ ಬಂದ ಸ್ಟೀಫನ್ಸ್ ಮತ್ತು ಕ್ರಿಸ್ಟೊಫರ್ಸ್ ಎಂಬ ವೈದ್ಯರು ಆಫ್ರಿಕನ್ ಮಕ್ಕಳ ರಕ್ತದಲ್ಲಿ ಪರೋಪಜೀವಿಗಳು ಹೇರಳವಾಗಿರುವುದನ್ನು ಕಂಡರು. ಸೊಳ್ಳೆ ರೋಗವನ್ನು ಪಡೆಯುವುದು ಈ ಮಕ್ಕಳಿಂದ. ಆದುದರಿಂದ ಯೂರೋಪಿಯನ್ನರು ಆಫ್ರಿಕನ್ನರ ಮನೆಗಳಿಂದ ದೂರದಲ್ಲಿ ವಾಸಿಸಬೇಕೆಂಬುದು ಅವರ ಸಲಹೆ. ಇದರ ಫಲವಾಗಿ ೧೯೦೪ರಲ್ಲಿ ಫ್ರೀಟೌನಿನ ಮೇಲಿನ ಗುಡ್ಡದಲ್ಲಿ ‘ಹಿಲ್ ಸ್ಟೇಷನ್’ ಎಂಬ ಬಡಾವಣೆ ಏರ್ಪಟ್ಟಿತು. ಯೂರೋಪಿಯನ್ ಅಧಿಕಾರಿಗಳಿಗಾಗಿ ಕಂಬಗಳ ಮೇಲೆ ಎತ್ತರಿಸಿದ ಮನೆಗಳನ್ನು ಕಟ್ಟಿದರು. ಅವರನ್ನು ಬೆಳಿಗ್ಗೆ ನಗರದ ಕಚೇರಿಗಳಿಗೆ ಇಳಿಸಿ ಸಂಜೆ ಮೇಲೇರಿಸಲು ರೈಲುಮಾರ್ಗವನ್ನೂ ಹಾಕಿದರು. ಆ ರೈಲು ೧೯೨೯ರವರೆಗೆ ಓಡಿತು.

ಇಲ್ಲಿ ನಾವು ಗಮನಿಸಬೇಕಾದುದು ತರ್ಕದ ದಿಕ್ಕನ್ನು. ಮಕ್ಕಳ ರಕ್ತದಲ್ಲಿ ರೋಗಾಣುಗಳಿವೆಯೆಂಬುದು ವಾಸ್ತವ. ಪದೇ ಪದೇ ಜ್ವರಕ್ಕೆ ತುತ್ತಾಗಿಯೂ ಬದುಕಿ ಉಳಿದ ಮಕ್ಕಳು ಬೆಳೆದಂತೆ ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಶಕ್ತಿ ಪಡೆಯುತ್ತಾರೆ. ಬದುಕದ ಮಕ್ಕಳು ಆ ಶಕ್ತಿಗೆ ತೆತ್ತ ಬೆಲೆ. ಹಾಗಿರುವಾಗ, ಮೊದಲು ರಕ್ಷಣೆ ದೊರೆಯಬೇಕಾದುದು ಈ ಮಕ್ಕಳಿಗೇ ಎಂಬ ತೀರ್ಮಾನಕ್ಕೂ ಅದೇ ವಾಸ್ತವದಿಂದ ಬರಬಹುದಾಗಿತ್ತು. ಆದರೆ ವಸಾಹತು ಸರ್ಕಾರದ ಕಣ್ಣಿಗೆ ಆ ಮಕ್ಕಳು ರೋಗಿಗಳಾಗಿ ಕಾಣಲಿಲ್ಲ, ರೋಗದ ಆಕರವಾಗಿ ಕಂಡರು. ವಿಜ್ಞಾನವು ಸತ್ಯವನ್ನು ಹೇಳಿತು. ಆ ಸತ್ಯದಿಂದ ಯಾರು ಲಾಭ ಪಡೆಯಬೇಕೆಂಬುದನ್ನು ಅಧಿಕಾರ ನಿರ್ಧರಿಸಿತು.

ಈ ಮನೋಭಾವ ವೈದ್ಯವೃತ್ತಿಯನ್ನೂ ವ್ಯಾಪಿಸಿತು. ಫ್ರೀಟೌನಿನ ಸಮೀಪದ ಗ್ಲಾಸ್ಟರ್ ಗ್ರಾಮದಲ್ಲಿ ೧೮೩೫ರಲ್ಲಿ ಹುಟ್ಟಿದ ಜೇಮ್ಸ್ ಆಫ್ರಿಕೇನಸ್ ಹಾರ್ಟನ್, ಲಂಡನ್ ಮತ್ತು ಎಡಿನ್‌ಬರೋಗಳಲ್ಲಿ ಓದಿ, ೧೮೫೯ರಲ್ಲಿ ವೈದ್ಯಪದವಿ ಪಡೆದು, ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿಯಾಗಿ, ಪಶ್ಚಿಮ ಆಫ್ರಿಕದ ಹವೆ ಮತ್ತು ಆರೋಗ್ಯಗಳನ್ನು ಕುರಿತು ಗ್ರಂಥ ರಚಿಸಿದ್ದನು. ಇಂತಹ ಪರಂಪರೆಯಿದ್ದ ನಾಡಿನಲ್ಲಿ, ೧೯೦೨ರಲ್ಲಿ ರಚಿತವಾದ ಪಶ್ಚಿಮ ಆಫ್ರಿಕದ ವೈದ್ಯ ಸೇವಾವರ್ಗಕ್ಕೆ ಯೂರೋಪಿಯನ್ ವಂಶದವರನ್ನು ಮಾತ್ರ ಸೇರಿಸಿಕೊಳ್ಳತಕ್ಕದ್ದೆಂಬ ನಿಯಮ ಬಂದಿತು. ಜನರ ಭಾಷೆ, ನಡವಳಿಕೆಗಳನ್ನು ಬಲ್ಲ ವೈದ್ಯರನ್ನೇ ಸರ್ಕಾರ ಹೊರಗಿರಿಸಿತು.

ಸ್ವಾತಂತ್ರ್ಯಾನಂತರವೂ ಸಾರ್ವಜನಿಕ ಆರೋಗ್ಯದ ಬುನಾದಿ ಗಟ್ಟಿಯಾಗಲಿಲ್ಲ. ೧೯೯೧ರಿಂದ ೨೦೦೨ರವರೆಗೆ ನಡೆದ ಅಂತರ್ಯುದ್ಧ ಇದ್ದ ಆಸ್ಪತ್ರೆಗಳನ್ನೂ ಹಾಳುಗೆಡವಿತು; ಅನೇಕ ವೈದ್ಯರು ದೇಶ ಬಿಟ್ಟರು. ೨೦೧೦ರ ಏಪ್ರಿಲಿನಲ್ಲಿ ಸರ್ಕಾರವು ಗರ್ಭಿಣಿಯರು, ಎಳೆಮಕ್ಕಳ ತಾಯಂದಿರು ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆಯನ್ನು ಘೋಷಿಸಿದುದು ಒಂದು ಮುಖ್ಯ ಹೆಜ್ಜೆ. ಆದರೂ ೨೦೧೩ರ ಗಣನೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ ೧,೧೬೫ ತಾಯಂದಿರು ಸಾಯುತ್ತಿದ್ದರು. ೨೦೧೨ರಲ್ಲಿ ಕಾಲರಾ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗೆ ತಗಲಿ, ಸುಮಾರು ಮುನ್ನೂರು ಮಂದಿಯನ್ನು ಬಲಿತೆಗೆದುಕೊಂಡಿತು.

ಇಂತಹ ಸ್ಥಿತಿಯಲ್ಲಿ, ೨೦೧೪ರ ಮೇ ತಿಂಗಳಿನಲ್ಲಿ, ಗಿನಿಯ ಗಡಿಯಿಂದ ಎಬೋಲ ರೋಗ ಪ್ರವೇಶಿಸಿತು. ನಾಟಿ ವೈದ್ಯೆಯೊಬ್ಬರ ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡ ಹೆಂಗಸರ ಮೂಲಕ ಅದು ಕೈಲಾಹುನ್ ಜಿಲ್ಲೆಯಲ್ಲಿ ಹಬ್ಬತೊಡಗಿತು. ರೋಗಿಯ ದೇಹದ್ರವಗಳ ಸ್ಪರ್ಶದಿಂದ ಹರಡುವ ಈ ರೋಗ ಸತ್ತವನ ಶರೀರದಲ್ಲಿ ಅತ್ಯಂತ ತೀವ್ರವಾಗಿರುತ್ತದೆ. ಶವವನ್ನು ಕೈಯಾರೆ ತೊಳೆದು ಬೀಳ್ಕೊಡುವುದಾದರೋ ಅಲ್ಲಿನ ಕುಟುಂಬಗಳ ಪವಿತ್ರ ಕರ್ತವ್ಯ. ರೋಗಿಯ ಶುಶ್ರೂಷೆ, ಮೃತನ ಸಂಸ್ಕಾರ ಎಂಬ ಎರಡು ಮಾನವಧರ್ಮಗಳೇ ರೋಗಕ್ಕೆ ದಾರಿಯಾದವು. ಕೆನೆಮದ ಸರ್ಕಾರಿ ಆಸ್ಪತ್ರೆಯಲ್ಲಿ ಹೋರಾಟದ ನೇತೃತ್ವ ವಹಿಸಿದ್ದ ಡಾ. ಷೇಕ್ ಹುಮರ್ ಖಾನ್ ಅವರು ಜುಲೈ ೨೯ರಂದು ಅದೇ ರೋಗಕ್ಕೆ ಬಲಿಯಾದರು. ರೋಗ ಶಮನವಾಗುವ ವೇಳೆಗೆ ಆ ದೇಶದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಅದು ತಗಲಿತ್ತು. ಸುಮಾರು ನಾಲ್ಕು ಸಾವಿರ ಜನ ಸತ್ತಿದ್ದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ವೈದ್ಯರು, ದಾದಿಯರು ಮತ್ತು ಇತರ ಆರೋಗ್ಯ ಸಿಬ್ಬಂದಿಯವರು.

ಮೊದಲಲ್ಲಿ ಸರ್ಕಾರ ಬಲಪ್ರಯೋಗವನ್ನೇ ನೆಚ್ಚಿತು. ಸೆಪ್ಟೆಂಬರಿನಲ್ಲಿ ಮೂರು ದಿನ ಇಡೀ ದೇಶ ಮನೆಯೊಳಗೇ ಇರಬೇಕೆಂಬ ಆಜ್ಞೆ ಹೊರಟಿತು. ಮುಖವೂ ಕಾಣದಂತೆ ಕವಚ ಧರಿಸಿದ ಅಪರಿಚಿತರು ಬಂದು, ಶವವನ್ನು ಚೀಲದಲ್ಲಿ ತುಂಬಿ ಕೊಂಡೊಯ್ಯುತ್ತಿದ್ದರು. ಹೂಳಿದ ಸ್ಥಳವೂ ಎಷ್ಟೋ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಪರಿಣಾಮವಾಗಿ ಜನರು ರೋಗಿಗಳನ್ನು ಬಚ್ಚಿಟ್ಟರು, ರಾತ್ರಿಯಲ್ಲಿ ಗುಟ್ಟಾಗಿ ಹೂಳಿದರು. ಆಸ್ಪತ್ರೆಯ ಭಯದಿಂದ ಮಲೇರಿಯ ಪೀಡಿತರೂ ಹೆರಿಗೆಯ ಹೆಂಗಸರೂ ದೂರವುಳಿದರು.

ಕ್ರಮೇಣ ಪದ್ಧತಿ ಬದಲಾಯಿತು. ಇಮಾಮರನ್ನೂ ಪಾದ್ರಿಗಳನ್ನೂ ಕರೆದು ಸಮಾಲೋಚಿಸಲಾಯಿತು. ಕುಟುಂಬದವರು ದೂರದಲ್ಲಿ ನಿಂತು ನೋಡಲು, ಪ್ರಾರ್ಥನೆ ಸಲ್ಲಿಸಲು, ಗೋರಿಗೆ ಹೆಸರಿನ ಗುರುತು ಹಾಕಲು ಅವಕಾಶ ದೊರೆಯಿತು. ಗೌರವಯುತ ಹಾಗೂ ಸುರಕ್ಷಿತ ಸಂಸ್ಕಾರವೆಂದು ಇದಕ್ಕೆ ಹೆಸರಾಯಿತು. ನಾಡಿನ ಮುಖಂಡರು ತಮ್ಮ ಊರುಗಳಲ್ಲಿ ಕಟ್ಟಲೆಗಳನ್ನು ವಿಧಿಸಿದರು. ಗ್ರಾಮದ ತರುಣರು ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿದರು. ಜನರ ಸಹಕಾರವೊಂದರಿಂದಲೇ ರೋಗ ನಿಂತಿತೆಂದು ನಾವು ಹೇಳುವುದಿಲ್ಲ; ಪ್ರಯೋಗಶಾಲೆಗಳು, ಹಾಸಿಗೆಗಳು, ಪರದೇಶಗಳ ನೆರವು ಇವೆಲ್ಲವೂ ಅಗತ್ಯವಾಗಿದ್ದವು. ಆದರೆ ಮನೆಯವರು ಬಚ್ಚಿಟ್ಟ ರೋಗಿಗೆ ಆಸ್ಪತ್ರೆಯ ಹಾಸಿಗೆಯಿಂದ ಏನು ಪ್ರಯೋಜನ? ೨೦೧೫ರ ನವೆಂಬರ್ ೭ರಂದು ದೇಶ ಎಬೋಲದಿಂದ ಮುಕ್ತವಾಯಿತೆಂದು ಘೋಷಣೆಯಾಯಿತು; ೨೦೧೬ರ ಜನವರಿಯಲ್ಲಿ ಮತ್ತೆ ತಲೆದೋರಿದ ರೋಗವೂ ಮಾರ್ಚಿಯಲ್ಲಿ ಅಡಗಿತು.

ಈ ಅನುಭವ ವ್ಯರ್ಥವಾಗಲಿಲ್ಲ. ೨೦೧೭ರ ಆಗಸ್ಟಿನಲ್ಲಿ ಫ್ರೀಟೌನಿನ ಬಳಿ ಗುಡ್ಡ ಕುಸಿದು ಸಾವಿರಾರು ಜನ ನಿರಾಶ್ರಿತರಾದಾಗ, ಕಾಲರಾ ಹಬ್ಬುವ ಮೊದಲೇ ಸುಮಾರು ಐದು ಲಕ್ಷ ಜನರಿಗೆ ಬಾಯಿಯ ಮೂಲಕ ಕೊಡುವ ಲಸಿಕೆಯನ್ನು ಹಾಕಲು ಕಾರ್ಯಕ್ರಮ ಕೈಗೊಂಡರು. ಭಯಪಟ್ಟಿದ್ದ ಪಿಡುಗು ಬರಲಿಲ್ಲ. ೨೦೧೯ರ ಗಣನೆಯಲ್ಲಿ ತಾಯಂದಿರ ಮರಣಪ್ರಮಾಣ ೭೧೭ಕ್ಕೆ ಇಳಿದಿತ್ತು. ಇದು ಸಣ್ಣ ಸಂಖ್ಯೆಯಲ್ಲ. ಆದರೂ ದಾರಿ ಯಾವ ಕಡೆಗಿದೆಯೆಂಬುದನ್ನು ತೋರಿಸುತ್ತದೆ. ೨೦೨೪ರ ಏಪ್ರಿಲಿನಲ್ಲಿ ಅಲ್ಲಿನ ಎಳೆಮಕ್ಕಳಿಗೆ ಮಲೇರಿಯದ ಲಸಿಕೆ ಕೊಡುವ ಕಾರ್ಯ ಪ್ರಾರಂಭವಾಯಿತು. ೧೯೦೦ರಲ್ಲಿ ಯಾವ ಮಕ್ಕಳ ರಕ್ತವನ್ನು ಪರೀಕ್ಷಿಸಿ ಅವರಿಂದ ದೂರವಿರಬೇಕೆಂದು ನಿರ್ಧರಿಸಿದರೋ, ಅಂತಹ ಮಕ್ಕಳ ರಕ್ಷಣೆಗೆ ಲಸಿಕೆ ಬರಲು ನೂರಿಪ್ಪತ್ತನಾಲ್ಕು ವರ್ಷಗಳು ಬೇಕಾದವು. ಇದರಲ್ಲಿ ಎಷ್ಟು ಭಾಗ ವಿಜ್ಞಾನದ ಕಷ್ಟದಿಂದ ಆದ ವಿಳಂಬ, ಎಷ್ಟು ಭಾಗ ಮನುಷ್ಯರ ಉದಾಸೀನದಿಂದ ಆದದ್ದು ಎಂಬುದನ್ನು ಬೇರ್ಪಡಿಸಿ ನೋಡುವುದು ಚರಿತ್ರೆಯ ವಿದ್ಯಾರ್ಥಿಗಳ ಕೆಲಸ.