ಸಂಡೂರಿನ ಕೆಂಪು ಪಟ್ಟೆ ಕಲ್ಲು ಆರಿಸೋಕೆ ಹೊರಟಿದ್ದೀರಾ? ಮೊದಲು ಪಹಣಿ ನೋಡಿ

ಸಂಡೂರು: ಉಳುವಾಗ ನೇಗಿಲಿಗೆ ಅಡ್ಡ ಬಂದ ಕಲ್ಲನ್ನು ನಮ್ಮ ಕಡೆ ರೈತರು ಎತ್ತಿ ಬದುವಿಗೆ ಎಸೆಯುತ್ತಾರೆ. ಗುಡ್ಡದ ಕೆಳಗಿನ ಹೊಲಗಳಲ್ಲಿ ಇಂಥ ಕಲ್ಲುಗಳ ಪೈಕಿ ಕೆಲವು ಕೆಂಪು, ಬೂದು ಪಟ್ಟೆ ಪಟ್ಟೆಯಾಗಿರುತ್ತವೆ. ಆ ಕೆಂಪು ಪಟ್ಟೆಯೇ ಜಾಸ್ಪರ್.

ಹೋದ ವರ್ಷ ನಾವು ಮೂವರು ಗೆಳೆಯರು ಇದನ್ನು ಆರಿಸೋಕೆ ಹೋಗಿದ್ದೆವು. ಒಬ್ಬನ ದೊಡ್ಡಪ್ಪನ ಹೊಲ ಅಂದುಕೊಂಡು ಪಕ್ಕದವರ ಹೊಲಕ್ಕೆ ಇಳಿದುಬಿಟ್ಟಿದ್ದೆವು. ಚೀಲ ಅರ್ಧ ತುಂಬಿತ್ತು. "ಯಾರನ್ನ ಕೇಳಿ ಬಂದ್ರಪ್ಪಾ? ಇವತ್ತು ಚೀಲ, ನಾಳೆ ಲಾರಿ ತರ್ತೀರೇನು?" ಅಂದರು ಹೊಲದ ಯಜಮಾನರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದನ್ನು ಕಂಡ ಊರಿದು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕಲ್ಲು ಅಲ್ಲೇ ಸುರಿದು ಬಂದೆವು.

ಏನಿದು ಜಾಸ್ಪರ್?

ಇದು ಬೆಣಚುಕಲ್ಲಿನ ಜಾತಿಯದೇ. ಕಣ ಬಹಳ ಸಣ್ಣ, ಬೆಳಕು ಹಾಯುವುದಿಲ್ಲ. ಕೆಂಪು ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ಸಂಡೂರಿನ ಬಂಡೆಯಲ್ಲಿ ಜಾಸ್ಪರ್ ಒಂದು ಪದರ, ಕಬ್ಬಿಣದ ಅದಿರು ಒಂದು ಪದರ ಹೀಗೆ ಕೂತಿವೆ. ಈ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು.

ಗುರುತಿಸುವುದು ಸುಲಭ. ಗಡಸುತನ 6.5ರಿಂದ 7. ಚಾಕುವಿನಿಂದ ಕೆರೆದರೆ ಗೀರು ಬೀಳುವುದಿಲ್ಲ, ಬದಲಿಗೆ ಇದೇ ಗಾಜನ್ನು ಗೀರುತ್ತದೆ. ಇಟ್ಟಿಗೆ ಚೂರು, ಕೆಂಪು ಮಣ್ಣುಗಲ್ಲು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತವೆ.

ಜಾಗ ಯಾರದು?

ಇದೇ ಮುಖ್ಯ ಪ್ರಶ್ನೆ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಒಬ್ಬರನ್ನು ಕೇಳಿದರೆ ಸಾಲದು. ಹೊಲ ಗುತ್ತಿಗೆಗೆ ಕೊಟ್ಟಿದ್ದರೆ ಉಳುವವರನ್ನೂ ಕೇಳಬೇಕು.

ಗುಡ್ಡದ ಮೇಲೆ ಹತ್ತುವ ಯೋಚನೆ ಬಿಡಿ. ಬಹುಪಾಲು ಅರಣ್ಯ ಅಥವಾ ಗಣಿ ಗುತ್ತಿಗೆಯ ಜಾಗ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಡಿನ ಕಲ್ಲು ಕೂಡ ಅರಣ್ಯ ಉತ್ಪನ್ನ.

ಮಾಲೀಕರು ಒಪ್ಪಿದರೆ ಸಾಕಾ?

ಸಾಲದು. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜ ಅಂತ ಘೋಷಿಸಿತು. ಅದರಲ್ಲಿ ಜಾಸ್ಪರ್ ಕೂಡ ಇದೆ. ಹಾಗಾಗಿ ಅದರ ನಿಯಮ ರಾಜ್ಯ ಸರ್ಕಾರದ ಕೈಯಲ್ಲಿದೆ. ಭೂಕಂದಾಯ ಕಾಯ್ದೆಯ 70ನೇ ಕಲಂ ಕೂಡ ಖನಿಜದ ಹಕ್ಕು ಸಾಮಾನ್ಯವಾಗಿ ಸರ್ಕಾರದ್ದು ಅನ್ನುತ್ತದೆ. ಪಟ್ಟಾ ಜಮೀನಾದರೂ ಅಗೆದು ತೆಗೆಯುವುದಕ್ಕೆ, ಸಾಗಿಸುವುದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಅಕ್ರಮ ಅಂತ ಸಾಬೀತಾದರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಅಂಗಡಿಯವರೂ ಗಮನಿಸಿ. ಅಕ್ರಮವಾಗಿ ಖನಿಜ ದಾಸ್ತಾನು ಮಾಡುವುದೂ ಅದೇ ಕಾಯ್ದೆಯಡಿ ಅಪರಾಧ. ಪರ್ಮಿಟ್ ಇಲ್ಲದ ಕಲ್ಲನ್ನು ಯಾರಾದರೂ ಮೂಟೆ ಕಟ್ಟಿ ತಂದು ಕೊಟ್ಟರೆ ಮಾರಾಟಕ್ಕೆ ಇಟ್ಟುಕೊಳ್ಳಬೇಡಿ.

ಕಲ್ಲು ಮನೆಗೆ ಒಯ್ಯುವ ಆಸೆ ಇದ್ದರೆ ಹೊರಡುವ ಮೊದಲೇ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಎಷ್ಟು, ಯಾತಕ್ಕೆ ಅಂತ ಹೇಳಿ ಕೇಳಿಕೊಳ್ಳಿ.

ಹೋಗುವಾಗ

* ಸುಗ್ಗಿ ಮುಗಿದು ಹೊಲ ಖಾಲಿ ಇರುವಾಗ ಹೋಗಿ. ನಿಂತ ಬೆಳೆಯಲ್ಲಿ ಕಾಲಿಡಬೇಡಿ.
* ಯಾವ ದಿನ, ಎಷ್ಟು ಜನ, ಎಷ್ಟು ಕಲ್ಲು ಅನ್ನೋದನ್ನ ಮೊದಲೇ ಮಾತಾಡಿ. ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಇಬ್ಬರಿಗೂ ಒಳ್ಳೆಯದು.
* ಮೇಲೆ ಬಿದ್ದದ್ದನ್ನು ಮಾತ್ರ ನೋಡಿ. ಗುಂಡಿ ತೋಡಿದರೆ ನಾಳೆ ಎತ್ತಿನ ಕಾಲು ಮುರಿಯುತ್ತದೆ.
* ಕಲ್ಲಿನ ಕೆಳಗೆ ಚೇಳು ಇರುತ್ತವೆ. ಮೊದಲು ಕೋಲಿನಿಂದ ಹೊರಳಿಸಿ. ದರೋಜಿ ಕಡೆ ಕರಡಿ ಓಡಾಡುವುದರಿಂದ ನಸುಕು, ಮುಸ್ಸಂಜೆ ಹೊತ್ತು ಬೇಡ.
* ಕಲ್ಲು ಒಡೆಯಬೇಕಾದರೆ ಕಣ್ಣಿಗೆ ಕನ್ನಡಕ ಇರಲಿ. ಚಕ್ಕೆ ಗಾಜಿನಷ್ಟು ಚೂಪು.
* ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ತೂತು ಇರುವ ಮಣಿ ಕಂಡರೆ ಮುಟ್ಟಬೇಡಿ. ನಮ್ಮ ಜಿಲ್ಲೆಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.

ಈ ವರ್ಷ ನಾವು ಅದೇ ಯಜಮಾನರ ಮನೆಗೆ ಮೊದಲು ಹೋದೆವು. ಪಹಣಿ ಪ್ರತಿ ನೋಡಿ ನಕ್ಕರು. ಟೀ ಕುಡಿಸಿ, ತಾವೇ ಬದುವಿನ ಉದ್ದಕ್ಕೂ ನಡೆದು ಕಲ್ಲು ತೋರಿಸಿದರು. ನಾವು ಫೋಟೊ ತೆಗೆದುಕೊಂಡು, ಕಲ್ಲನ್ನ ಅಲ್ಲೇ ಬಿಟ್ಟು ಬಂದೆವು. ಬರುವಾಗ ಅವರು ಅಂದದ್ದು ಒಂದೇ ಮಾತು: "ಕೇಳಿ ಬಂದ್ರೆ ನಾನೇನ್ ಬ್ಯಾಡ ಅಂತೀನೇನು?"