ಐದು ಯೂನಿಟ್ಟಿನ ಬೆಲೆ

ಜಮಖಂಡಿ, ಮುಧೋಳ ಕಡೆಯ ಹಳೆಯ ಮನೆಗಳಲ್ಲಿ ಕರೆಂಟ್ ಬಿಲ್ಲುಗಳನ್ನು ತಂತಿಗೆ ಚುಚ್ಚಿ ಇಡುವ ರೂಢಿ ಇತ್ತು. ಅಂಥ ತಂತಿಯೊಂದು ಇನ್ನೂ ಉಳಿದಿದ್ದರೆ ಬಿಲ್ಲುಗಳ ತಲೆಯ ಮೇಲಿನ ಹೆಸರುಗಳನ್ನು ಓದಿಯೇ ಅರ್ಧ ಇತಿಹಾಸ ತಿಳಿಯಬಹುದು. 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಅದು ಕೆಇಬಿ ಆಯಿತು. 1999ರಲ್ಲಿ ಕೆಪಿಟಿಸಿಎಲ್, 2002ರ ಜೂನ್‌ನಿಂದ ಹೆಸ್ಕಾಂ. ಹುಬ್ಬಳ್ಳಿಯ ಈ ಕಂಪನಿ ಬಾಗಲಕೋಟೆಯೂ ಸೇರಿ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುತ್ತದೆ.

ಹೀಗೆ ವಿದ್ಯುತ್ ಕೊಡುವವರು ಮತ್ತೆ ಮತ್ತೆ ಬದಲಾದರು. ಬಳಸುವವರನ್ನು ಯಾರೂ ಕೇಳಲಿಲ್ಲ. ಬಿಲ್ಲು ಮಾತ್ರ ಏರುತ್ತ ಬಂತು. ‘ಕೆಇಬಿ ಇದ್ದಾಗಲೇ ಪಾಡಿತ್ತು’ ಎಂದು ಹಿರಿಯರು ಹೇಳುವುದುಂಟು. ಹೆಸ್ಕಾಂ ಕಚೇರಿಯನ್ನು ಇಂದಿಗೂ ‘ಕೆಇಬಿ’ ಎಂದೇ ಕರೆಯುವ ಊರುಗಳಲ್ಲಿ ಈ ಮಾತು ಸಹಜವೇ. ಆದರೆ ದರವನ್ನು ನಿಗದಿ ಮಾಡುವುದು ಹೆಸ್ಕಾಂ ಅಲ್ಲ, 1999ರ ಕಾಯಿದೆಯಂತೆ ರಚಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ಒಂದು ಕಂಪನಿ ಬೇಡವೆಂದರೆ ಇನ್ನೊಂದನ್ನು ಹಿಡಿಯಬಹುದೇ? ಇಲ್ಲಿ ಮನೆಗಳಿಗೆ ಆ ಅವಕಾಶವಿಲ್ಲ. ಅವಕಾಶ ಸಿಕ್ಕವರ ಕಥೆ ಮುಂಬೈಯಲ್ಲಿದೆ. ಅಲ್ಲಿಯ ಉಪನಗರಗಳ ಬಳಕೆದಾರರು 2009ರಿಂದ ರಿಲಯನ್ಸ್ ಬಿಟ್ಟು ಟಾಟಾ ಕಂಪನಿಯ ವಿದ್ಯುತ್ ಪಡೆಯಬಹುದಾಯಿತು. ತಂತಿ ಹಳೆಯದೇ, ಬಿಲ್ಲು ಬೇರೆಯವರದು. ದರ ಕಡಿಮೆಯೆಂದು ಲಕ್ಷಗಟ್ಟಲೆ ಜನ ಬದಲಾದರು. ಆದರೆ ಹಳೆಯ ಕಂಪನಿಯಲ್ಲಿ ಉಳಿದ ಬಡ ಬಳಕೆದಾರರ ರಿಯಾಯಿತಿಯ ಹೊರೆ ಹೊರುವವರು ಬೇಕಲ್ಲ! 2011ರಲ್ಲಿ ಅಲ್ಲಿಯ ಆಯೋಗ ಬದಲಾದವರ ಮೇಲೂ ಅಧಿಭಾರ ಹೇರಿತು. ಮುಂದೆ ಹೊಸ ಕಂಪನಿಯ ದರವೂ ಏರಿ, ಮರಳಿ ಬಂದವರೂ ಉಂಟು. ಅಂಗಡಿ ಬದಲಿಸಿದರೂ ಕಲ್ಲಿದ್ದಲು, ಕಂಬ, ತಂತಿಗಳ ಖರ್ಚು ಎಲ್ಲಿಗೂ ಹೋಗುವುದಿಲ್ಲ.

ಕೃಷ್ಣೆಯ ದಂಡೆಯವರಿಗೂ ಇದೇ ಮಾತು. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲ್ಲೂಕು ಊರುಗಳನ್ನು ಕೊಟ್ಟಿದೆ. ಅಲ್ಲಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡುತ್ತವೆ. ಆದರೂ ಮನೆಯ ದರದಲ್ಲಿ ಬೀಳಗಿಗೂ ಬೆಂಗಳೂರಿಗೂ ವ್ಯತ್ಯಾಸವಿಲ್ಲ. ಇದು ನ್ಯಾಯವೇ ಎಂದು ಕೇಳುವ ಹಕ್ಕು ಮುಳುಗಡೆಯ ಜನರಿಗೆ ಖಂಡಿತ ಇದೆ.

ಇನ್ನು ಬಿಲ್ಲಿನ ಒಳಗೆ ಇಣುಕೋಣ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದೇಶದಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಅದೇ ಹೊತ್ತಿಗೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿಯ ಬಾಬತ್ತು ಯೂನಿಟ್ಟಿಗೆ 36 ಪೈಸೆ ಬೇರೆ. ಬಳಕೆಯ ಮೊತ್ತಕ್ಕೆ ಶೇಕಡಾ 9 ತೆರಿಗೆ. ಇವುಗಳ ಜೊತೆಗೆ, ಕಂಪನಿ ಕೊಳ್ಳುವ ವಿದ್ಯುತ್ತಿನ ಬೆಲೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ಹೊಂದಾಣಿಕೆ ಶುಲ್ಕ. ದರ ಇಳಿದಿದೆ ಎಂಬ ಸುದ್ದಿ ಓದಿದವರ ಕೈಗೆ ದೊಡ್ಡ ಬಿಲ್ಲು ಬಂದದ್ದರ ಗುಟ್ಟು ಇಷ್ಟೇ.

2023ರ ಜುಲೈ ಬಳಕೆಯಿಂದ ಆರಂಭವಾದ ಗೃಹಜ್ಯೋತಿ ಯೋಜನೆ ಅನೇಕ ಮನೆಗಳನ್ನು ಈ ಲೆಕ್ಕದಿಂದ ಪಾರು ಮಾಡಿತು. ಆದರೆ ‘200 ಯೂನಿಟ್ ಎಲ್ಲರಿಗೂ ಉಚಿತ’ ಎಂದು ತಿಳಿದವರು ಎಡವುತ್ತಾರೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10: ಅದು ಆ ಮನೆಯ ಪಾಲು. ತೀರ ಕಡಿಮೆ ಬಳಸುವವರಿಗೆ 2024ರಿಂದ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿದರು. ಪಾಲು ಮೀರಿದರೆ ಹೆಚ್ಚಾದಷ್ಟಕ್ಕೆ ಹಣ. 200 ಮೀರಿದರೆ ಪೂರಾ ಬಿಲ್ಲು!

2 ಕಿಲೋವ್ಯಾಟ್ ಮಂಜೂರಾದ, 200 ಯೂನಿಟ್ ಪಾಲಿನ ಮನೆಯೊಂದನ್ನು ಊಹಿಸಿಕೊಳ್ಳಿ. ಒಂದು ತಿಂಗಳು 205 ಯೂನಿಟ್ ಆಯಿತು. ಬಳಕೆಗೆ 1,189 ರೂಪಾಯಿ, ನಿಗದಿತ ಶುಲ್ಕ 290, ಪಿಂಚಣಿ ಬಾಬತ್ತು ಸುಮಾರು 74, ತೆರಿಗೆ 107. ಹೊಂದಾಣಿಕೆ ಶುಲ್ಕ ಬಿಟ್ಟೇ 1,660 ರೂಪಾಯಿ. ಹಿಂದಿನ ತಿಂಗಳು ಸೊನ್ನೆ. ಐದು ಯೂನಿಟ್ಟಿನ ಬೆಲೆ ಅದು.

ಐದು ಯೂನಿಟ್ ಎಲ್ಲಿಂದ ಬಂತು? ಮೊದಲು ಬಚ್ಚಲ ಹಂಡೆಗೆ ಹತ್ತಿಕಟ್ಟಿಗೆ, ಕುಳ್ಳು ಉರಿಯುತ್ತಿತ್ತು. ಈಗ ಬಕೆಟ್ಟಿನಲ್ಲಿ ಕಾಯಿಲ್. ಕಂಪನಿ ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ ಇದು. 15 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು 15 × 4.2 × 20, ಅಂದರೆ 1,260 ಕಿಲೋಜೂಲ್ ಶಕ್ತಿ ಬೇಕು. ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಬಕೆಟ್ಟಿಗೆ 0.35 ಯೂನಿಟ್ ಆಯಿತು. ಐದು ಜನರ ಮನೆಗೆ ತಿಂಗಳಿಗೆ 52 ಯೂನಿಟ್ಟಿನ ಮೇಲೆ! ಹೈಸ್ಕೂಲಿನ ಮಕ್ಕಳು ಪರೀಕ್ಷೆಗೆ ಮಾಡುವ ಲೆಕ್ಕವೇ ಇದು, ಮನೆಯ ಬಚ್ಚಲಿಗೆ ಅನ್ವಯಿಸುವವರು ಮಾತ್ರ ವಿರಳ. ಈ ಸೀಮೆಯ ಬಿಸಿಲಿನಲ್ಲಿ ತುಂಬಿದ ಕೊಡಗಳನ್ನು ಹಗಲೆಲ್ಲ ಇಟ್ಟರೂ ಲೆಕ್ಕದಲ್ಲಿನ 20 ಡಿಗ್ರಿಯಲ್ಲಿ ಒಂದಷ್ಟು ಸೂರ್ಯನ ಪಾಲಾಗುತ್ತದೆ.

ಹಳೆಯ 75 ವ್ಯಾಟಿನ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಗೆಯ 28 ವ್ಯಾಟಿನದು ಹತ್ತರಲ್ಲಿ ಮುಗಿಸುತ್ತದೆ. ಮಕ್ಕಳು ಓದುವ ದೀಪವನ್ನು ಆರಿಸಿ ಉಳಿತಾಯ ಮಾಡಹೊರಟ ಪಾಲಕರು ಗಮನಿಸಬೇಕು: 9 ವ್ಯಾಟಿನ ಎಲ್‌ಇಡಿ ದಿನಕ್ಕೆ ಐದು ತಾಸು ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗದು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳದು ಬೇರೆ ತೊಡಕು. ಮಗ್ಗದ ಮೀಟರು ಬೇರೆ, ಮನೆಯದು ಬೇರೆ. ಕಂಡಿಕೆ ಸುತ್ತುವ ಕಾಲು ಅಶ್ವಶಕ್ತಿಯ ಮೋಟಾರನ್ನು ತಿಳಿಯದೆ ಮನೆಯ ಮೀಟರಿಗೆ ಹಚ್ಚಿದರೆ, ದಿನಕ್ಕೆ ಆರು ತಾಸಿನಂತೆ 25 ದಿನಕ್ಕೆ ಸುಮಾರು 28 ಯೂನಿಟ್ ಮನೆಯ ಲೆಕ್ಕಕ್ಕೆ ಸೇರುತ್ತದೆ. ಸೊನ್ನೆ ಬಿಲ್ಲಿನ ಮನೆಯನ್ನು ಗೆರೆ ದಾಟಿಸಲು ಅಷ್ಟು ಸಾಕು.

ಬಾಡಿಗೆ ಮನೆ ಬದಲಿಸುವವರು ಹಳೆಯ ಮನೆಯ ಮೀಟರಿನಿಂದ ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಬೇಕು. 2024ರಿಂದ ಇದಕ್ಕೆ ಅವಕಾಶವಿದೆ. ಮರೆತರೆ ಹೊಸ ಮನೆಯ ಬಿಲ್ಲು ಪೂರ್ತಿ ಬರುತ್ತದೆ.

ಮೀಟರಿನ ಮೇಲೆಯೇ ಅನುಮಾನವಿದ್ದರೆ ಮಕ್ಕಳು ಒಂದು ಪ್ರಯೋಗ ಮಾಡಬಹುದು, ಮೀಟರನ್ನು ಮುಟ್ಟದೆ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ, 3,200 ಎಂದಿಟ್ಟುಕೊಳ್ಳೋಣ. ಫ್ಯಾನುಗಳನ್ನಷ್ಟೇ ಹಾಕಿ ಕೆಂಪು ದೀಪದ ಮಿಣುಕು ಎಣಿಸಬೇಕು. ನಿಮಿಷಕ್ಕೆ ಎಂಟು ಬಂದರೆ ತಾಸಿಗೆ 480, ಅಂದರೆ 150 ವ್ಯಾಟ್: ಹಳೆಯ ಎರಡು ಫ್ಯಾನಿಗೆ ಸರಿಯಾದ ಲೆಕ್ಕ. ಬಳಿಕ ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತು ಮತ್ತೆ ನೋಡಬೇಕು. ಆಗಲೂ ಮಿಣುಕುತ್ತಿದ್ದರೆ ವಿದ್ಯುತ್ ಎಲ್ಲೋ ಸೋರುತ್ತಿದೆ, ಇಲ್ಲವೇ ಬೇರೆಯವರ ತಂತಿ ಸೇರಿಕೊಂಡಿದೆ. ವೈರಿಂಗ್ ಬಲ್ಲವರನ್ನು ಕರೆಸಬೇಕು. ಅದರಲ್ಲೂ ದೋಷ ಕಾಣದಿದ್ದರೆ 1912ಕ್ಕೆ ಫೋನು ಮಾಡಿ ಅಥವಾ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಮೀಟರನ್ನೇ ಪರೀಕ್ಷೆ ಮಾಡಿಸಬಹುದು. ಎಣಿಸಿದ ಮಿಣುಕುಗಳ ಚೀಟಿಯನ್ನು ಅರ್ಜಿಯ ಜೊತೆಗೆ ಲಗತ್ತಿಸಿದರೆ ಮಾತಿಗೆ ತೂಕ ಬರುತ್ತದೆ.