ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ಅಮ್ಮಂದಿರು ಪಾತ್ರೆಯ ಅನ್ನವನ್ನೆಲ್ಲ ಹಿಚುಕಿ ನೋಡುತ್ತಿರಲಿಲ್ಲ. ಒಂದೆರಡು ಅಗುಳು ಸಾಕಾಗುತ್ತಿತ್ತು. ಆದರೆ ಊರಿನ ಶಾಲಾ ಮಕ್ಕಳಿಗೆ ಕನ್ನಡಕ ಕೊಡಿಸುವ ಮಾತು ಬಂದಾಗ ನಮ್ಮ ಸಭೆಯಲ್ಲಿ ಈ ಲೆಕ್ಕ ಯಾರಿಗೂ ರುಚಿಸಲಿಲ್ಲ. "ತಾಲ್ಲೂಕಿನಲ್ಲಿ ಇಪ್ಪತ್ತು ಸಾವಿರ ಮಕ್ಕಳಿದ್ದಾರೆ. ಬರೀ 400 ಮಕ್ಕಳ ಕಣ್ಣು ನೋಡಿ ಎಷ್ಟು ಕನ್ನಡಕ ಬೇಕು ಅಂತ ಹೇಗೆ ಹೇಳ್ತೀರಿ?" ಎಂದು ಹಿರಿಯರೊಬ್ಬರು ಕೇಳಿದರು. ದಾನಿಗಳ ಹಣದ ವಿಷಯ, ಪ್ರಶ್ನೆ ನ್ಯಾಯವಾದದ್ದೇ.

ನಿಜವಾಗಿ ನೂರಕ್ಕೆ 20 ಮಕ್ಕಳಿಗೆ ಕನ್ನಡಕ ಬೇಕಿದೆ ಎಂದಿಟ್ಟುಕೊಳ್ಳೋಣ. ಚೀಟಿ ಎತ್ತಿ 400 ಮಕ್ಕಳನ್ನು ಆರಿಸಿದರೆ ಸರಿಯಾಗಿ 20ೇ ಬರಬೇಕೆಂದಿಲ್ಲ. 19 ಬರಬಹುದು, 22 ಬರಬಹುದು. ನೂರು ತಂಡಗಳು ಬೇರೆ ಬೇರೆಯಾಗಿ ಇದೇ ಕೆಲಸ ಮಾಡಿದರೆ ನೂರು ಉತ್ತರಗಳು. ಅವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ 20ರ ಸುತ್ತ ಗುಡ್ಡೆಯಾಗಿ, ಗಂಟೆಯ ಆಕಾರದಲ್ಲಿ ನಿಲ್ಲುತ್ತವೆ. ಸುಮಾರು 95 ತಂಡಗಳ ಉತ್ತರ 16 ಮತ್ತು 24ರ ನಡುವೆ ಇರುತ್ತದೆ. ನಾವು ಕಳಿಸುವುದು ಒಂದೇ ತಂಡವನ್ನು. ಆದರೂ ಅದರ ಉತ್ತರ ನಿಜದಿಂದ ಎಷ್ಟು ದೂರ ಹೋಗಬಹುದೆಂದು ಹೇಳಬಲ್ಲೆವು ಎಂಬುದೇ ಈ ಗಣಿತದ ಸೊಗಸು.

ಬರೀ 100 ಮಕ್ಕಳಾದರೆ ಹರವು 12ರಿಂದ 28. 1600 ಆದರೆ 18ರಿಂದ 22. ಅಂದರೆ ತಪ್ಪನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಕ್ಕಳನ್ನು ನೋಡಬೇಕು, ಖರ್ಚೂ ಹಾಗೆಯೇ ಏರುತ್ತದೆ. ತಾಲ್ಲೂಕಿನ ಬದಲು ಇಡೀ ಕರ್ನಾಟಕವಾದರೂ 400ರ ಲೆಕ್ಕ ಹೆಚ್ಚು ಕಡಿಮೆ ಇದೇ! ಅನ್ನ ಬಿಟ್ಟು ಸಾರಿಗೆ ಬರೋಣ: ದೊಡ್ಡ ಹಂಡೆಯ ಸಾರಿನ ಉಪ್ಪು ನೋಡಲು ದೊಡ್ಡ ಸೌಟು ಬೇಕಿಲ್ಲ, ಚೆನ್ನಾಗಿ ಕಲಕಿರಬೇಕು ಅಷ್ಟೇ.

ಕಷ್ಟವಿರುವುದು ಕಲಕುವುದರಲ್ಲೇ. ನಾವೀಗ ನೆಲೆಸಿರುವ ಈ ಅಮೆರಿಕದಲ್ಲೇ 1936ರಲ್ಲಿ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ರೂಸ್‌ವೆಲ್ಟ್. ಪತ್ರಿಕೆಗೆ ವಿಳಾಸಗಳು ಸಿಕ್ಕಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ ನಾಲ್ವರಲ್ಲಿ ಮೂವರು ಉತ್ತರಿಸಲೇ ಇಲ್ಲ. ಅದೇ ವರ್ಷ ಜಾರ್ಜ್ ಗ್ಯಾಲಪ್ ಇದಕ್ಕಿಂತ ಬಹಳ ಕಡಿಮೆ ಜನರನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ನಾವೂ ಡಾಂಬರು ರಸ್ತೆಯ ಪಕ್ಕದ ಶಾಲೆಗಳಿಗೆ ಹೋಗಿ, ಮೇಷ್ಟ್ರು ಮುಂದೆ ನಿಲ್ಲಿಸಿದ ಮಕ್ಕಳನ್ನಷ್ಟೇ ನೋಡಿ ಬಂದರೆ 4000 ಮಕ್ಕಳಾದರೂ ಪ್ರಯೋಜನವಿಲ್ಲ. ಎಲ್ಲ ಶಾಲೆಗಳ ಹಾಜರಿ ಪುಸ್ತಕಗಳಿಂದ ಹೆಸರು ತೆಗೆದು ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ಮಗು ಅಂದು ಶಾಲೆಗೆ ಬಂದಿಲ್ಲವೆಂದು ಪಕ್ಕದ ಮಗುವನ್ನು ನೋಡುವಂತಿಲ್ಲ. ಬೋರ್ಡು ಕಾಣದೆಯೇ ಅದು ಶಾಲೆ ತಪ್ಪಿಸುತ್ತಿರಬಹುದು. ಇನ್ನೊಮ್ಮೆ ಹೋಗಲೇಬೇಕು. ಆ ಎರಡನೇ ಸುತ್ತಿನ ಜೀಪಿನ ಬಾಡಿಗೆಯನ್ನೂ ಈ ವರ್ಷದ ಬಜೆಟ್ಟಿನಲ್ಲಿ ಸೇರಿಸಿದ್ದೇವೆ.